ಪೂರ್ಣ ಹಾಜರಿಯ ಮೇಷ್ಟ್ರು ರಜೆ ಕಲಿಸಿದ್ದು

ದೊಡ್ಡಬಳ್ಳಾಪುರ ತಾಲ್ಲೂಕಿನ ಶಿಕ್ಷಕ ವಲಯದಲ್ಲಿ ಶ್ರೀ ಭೀಮರಾಜ್ ಅವರನ್ನು ಅರಿಯದವರು ವಿರಳ. ಮೂವತ್ತೆರಡು ವರ್ಷಗಳ ಸೇವೆಯಲ್ಲಿ, ಅದರಲ್ಲೂ ಸಾಸಲು ಹೋಬಳಿಯ ನಮ್ಮ ಪುಟ್ಟ ಶಾಲೆಯ ಮುಖ್ಯಶಿಕ್ಷಕರಾಗಿ ಕಳೆದ ಹನ್ನೊಂದು ವರ್ಷಗಳಲ್ಲಿ, ಮಕ್ಕಳು ಒಂದು ದಿನವೂ ತಪ್ಪದೆ ಬರುವಂತೆ ಮಾಡಿದ ಕೀರ್ತಿ ಅವರದು. ಅಪ್ಪಪ್ಪಾ, ಅದೇನು ಹಟ! ವರ್ಷವಿಡೀ ಹಾಜರಾದ ಮಗುವಿಗೆ ಹೆಸರು ಕೊರೆಸಿದ ಸ್ಟೀಲ್ ತಟ್ಟೆ ಕೊಡುತ್ತಿದ್ದರು. ಸಹೋದ್ಯೋಗಿ ರೂಪ ಮೇಡಂ ಅವರ ತಾಯಿ ಹಾಸಿಗೆ ಹಿಡಿದಾಗ ಮೂರು ತಿಂಗಳು ಅವರ ತರಗತಿಯನ್ನೂ ತಾವೇ ನೋಡಿಕೊಂಡ ಕರುಣಾಳು, ತಮ್ಮ ಮೈ ಸುಡುತ್ತಿದ್ದರೂ ಮಾತ್ರೆ ನುಂಗಿ ಪಾಠಕ್ಕೆ ನಿಲ್ಲುತ್ತಿದ್ದರು.

ಮೈಮೇಲೆ ನೀರುಗುಳ್ಳೆ ಎದ್ದರೆ ನಮ್ಮ ಕಡೆ ‘ಅಮ್ಮ ಆಗಿದೆ’ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಮಗುವನ್ನು ಹೊಸ್ತಿಲು ದಾಟಿಸುವುದಿಲ್ಲ. ವಿಜ್ಞಾನ ಓದಿದ ಮೇಷ್ಟ್ರಿಗೆ ಇದು ಶುದ್ಧ ಮೌಢ್ಯವೆನಿಸಿತ್ತು. ಮೂರು ವರ್ಷದ ಹಿಂದೆ, ಫೆಬ್ರವರಿಯ ಪೋಷಕರ ಸಭೆಯಲ್ಲಿ, “ಅಮ್ಮನೂ ಇಲ್ಲ ಗಿಮ್ಮನೂ ಇಲ್ಲ, ಸೊಪ್ಪು ಕಿತ್ತಾಕಿ ಮಕ್ಕಳನ್ನ ಕಳಿಸ್ರಮ್ಮ!” ಎಂದು ಗದರಿಬಿಟ್ಟರು.

ಮರುವಾರ ಎರಡನೇ ತರಗತಿಯ ಸಿಂಚನ ಆ ಬಿಸಿಲಿನಲ್ಲೂ ತುಂಬುತೋಳಿನ ಸ್ವೆಟರ್ ತೊಟ್ಟು ಬಂದಳು. ಪ್ರಾರ್ಥನೆ ಮುಗಿಯುವ ಮೊದಲೇ ಧೊಪ್ಪನೆ ಬಿದ್ದಳು, ಫಿಟ್ಸ್! ಎತ್ತಿಕೊಂಡ ಮೇಷ್ಟ್ರ ಕೈಗೆ ಕಾದ ಕಾವಲಿ ತಗುಲಿದಂತಾಯಿತು. ತೋಳು ಸರಿಸಿದರೆ, ಅಯ್ಯೋ ದೇವರೇ, ಮೊಣಕೈವರೆಗೂ ಗುಳ್ಳೆ!

ಬೆಂಗಳೂರಿನ ಆಸ್ಪತ್ರೆಯಲ್ಲಿ ವೈದ್ಯರು, ಚಿಕನ್‌ಪಾಕ್ಸ್ ಮಿದುಳಿಗೆ ಏರಿದೆ, ಏನನ್ನೂ ಹೇಳಲಾಗದು ಎಂದರು. ಸಿಂಚನಳನ್ನು ಸಾಕಿದ ಅಜ್ಜಿ ಅಂಜಿನಮ್ಮ ಬೈಯಲೂ ಇಲ್ಲ.

“ನೀವೇ ಹೇಳಿದ್ರಲ್ಲ ಸಾ, ಸೊಪ್ಪು ಕಿತ್ತಾಕಿ ಕಳ್ಸಿ ಅಂತ? ತಟ್ಟೆ ತಪ್ಪೋಗುತ್ತೆ ಅಂತ ಮಗಾನೂ ಅಳ್ತಿತ್ತು. ಜ್ವರದ ಸಿರಪ್ ಕುಡ್ಸಿ ಕಳಿಸ್ಬಿಟ್ಟೆ.”

ಓದಿಲ್ಲದ ಅಜ್ಜಿಗೆ ಮಗುವನ್ನು ಮನೆಯಲ್ಲಿಟ್ಟುಕೊಳ್ಳಬೇಕೆಂದು ಗೊತ್ತಿತ್ತು. ಓದಿದ ಮೇಷ್ಟ್ರು ಅದನ್ನು ಕೆಡಿಸಿದ್ದರು. ಮುಂದಿನ ಮೂರು ವಾರಗಳಲ್ಲಿ ಶಾಲೆಯ ಇನ್ನೂ ಹದಿನಾಲ್ಕು ಮಕ್ಕಳಿಗೆ ಗುಳ್ಳೆ ಎದ್ದವು. ಆಸ್ಪತ್ರೆ ಸೇರಿದ ಏಳನೇ ದಿನ ಸಿಂಚನ ಕಣ್ಣು ಬಿಟ್ಟು ನೀರು ಕೇಳಿದಾಗ, ಆ ಗಟ್ಟಿ ಗಂಡಸು ವಾರ್ಡಿನ ಬಾಗಿಲಲ್ಲಿ ಕುಕ್ಕರಿಸಿ ಗಳಗಳನೆ ಅತ್ತುಬಿಟ್ಟರು.

ಮುಂದಿನ ಪೋಷಕರ ಸಭೆಯಲ್ಲಿ ಎಲ್ಲರೆದುರು ಅಂಜಿನಮ್ಮನವರಿಗೆ ಕೈಮುಗಿದು, “ತಪ್ಪು ನಂದು ಕಣಮ್ಮ” ಎಂದರು. ಅಂದಿಗೆ ತಟ್ಟೆಯ ಬಹುಮಾನ ನಿಂತಿತು. ಔಷಧಿ ಕೊಡದೆಯೇ ಇಡೀ ಒಂದು ದಿನ ಜ್ವರ ಬಿಟ್ಟಿರಬೇಕು, ವಾಂತಿಭೇದಿ ನಿಂತು ಒಂದು ದಿನವಾಗಿರಬೇಕು, ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟಿರಬೇಕು. ಆಮೇಲೆ ಶಾಲೆ ಎಂದು ಗೇಟಿನ ಮೇಲೆ ಬರೆಸಿದರು. ಮಲಗಿದ ಮಕ್ಕಳ ಪಾಠವನ್ನು ಸಂಜೆ ತಾವೇ ಮನೆಗಳಿಗೆ ತಲುಪಿಸತೊಡಗಿದರು.

ಕಳೆದ ತಿಂಗಳು ಮೇಷ್ಟ್ರ ನಿವೃತ್ತಿಯ ಬೀಳ್ಕೊಡುಗೆಯಂದು ಶಾಮಿಯಾನ ಹಾಕಿ, ಪಾಯಸ ಬೇಯಿಸಿ, ಆಳೆತ್ತರದ ಹಾರ ತರಿಸಿ ಕಾದಿದ್ದೆವು. ಹನ್ನೊಂದಾದರೂ ಮೇಷ್ಟ್ರ ಸುಳಿವಿಲ್ಲ! ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಗೋಪಾಲಪ್ಪನವರು ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು.

“ಬೆಳಗ್ಗಿಂದ ಜ್ವರ ಗೋಪಾಲಪ್ಪ. ಬರಲ್ಲ. ಮಕ್ಕಳಿಗೆ ಊಟ ಹಾಕಿ.”

“ಏನ್ ಸಾರ್ ಇದು! ನಿಮ್ಮ ಸನ್ಮಾನಕ್ಕೆ ನೀವೇ ಇಲ್ದಿದ್ರೆ ಹೆಂಗೆ? ಒಂದು ಮಾತ್ರೆ ನುಂಗಿ ಬಂದ್ಬಿಡಿ!”



“ಸಿಂಚನಂಗೂ ಹಂಗೇ ಮಾಡಿ ಕಳಿಸಿದ್ದು ಕಣಪ್ಪ.”

ಏನು ಮಾಡಲೂ ತೋಚದೆ ಗೋಪಾಲಪ್ಪನವರು ಹಾರವನ್ನು ಮೇಷ್ಟ್ರ ಫೋಟೊಗೆ ಹಾಕಹೊರಟಾಗ, “ಬಿಡ್ತು ಅನ್ರೀ! ಬದುಕಿರೋರ ಫೋಟೊಗೆ ಹಾರ ಹಾಕ್ತಾರಾ?” ಎಂದು ಚೀರಿ ಕಿತ್ತುಕೊಂಡವರು ಅಂಜಿನಮ್ಮ. ಆ ಅಜ್ಜಿಯ ಬಾಯಿಯ ಹರಕೆಯೇ ನಮ್ಮೆಲ್ಲರದೂ. ಭೀಮರಾಜ್ ಮೇಷ್ಟ್ರು ನೂರ್ಕಾಲ ಬಾಳಲಿ, ಇನ್ನೂ ಹತ್ತಾರು ಊರಿನ ಪೋಷಕರಿಗೆ ಬುದ್ಧಿ ಹೇಳಲಿ, ಜ್ವರ ಬಂದ ದಿನ ಮಾತ್ರ ಹೀಗೆಯೇ ನಮ್ಮನ್ನು ಕಾಯಿಸಲಿ.