ನಾನು ಸೊನ್ನೆ ಬರೆದ ಮನೆ

"ಈ ತಿಂಗಳು ಎಲ್ಲಾದರೂ ಬಿದ್ದಿರಾ?" ಎಂದು ಮನೆಮನೆಗೆ ಹೋಗಿ ಕೇಳುವುದು ಎರಡು ವರ್ಷ ನನ್ನ ಕೆಲಸವಾಗಿತ್ತು. ಅದಕ್ಕೂ ಮೊದಲು ಒಂದು ಖಾಸಗಿ ಶಾಲೆಯಲ್ಲಿ ಲೆಕ್ಕದ ಟೀಚರಾಗಿದ್ದೆ. ಮಕ್ಕಳು ಕಡಿಮೆಯಾಗುತ್ತ ಬಂದು ಶಾಲೆ ಮುಚ್ಚಿತು. ಐವತ್ತು ದಾಟಿದವಳನ್ನು ಬೇರೆ ಶಾಲೆಯವರು ಕರೆಯಲಿಲ್ಲ. ಅದೇ ಹೊತ್ತಿಗೆ, ವಯಸ್ಸಾದವರು ಮನೆಯೊಳಗೆ ಬೀಳುವುದನ್ನು ತಪ್ಪಿಸುವುದು ಹೇಗೆಂದು ಮೈಸೂರಿನಲ್ಲಿ ಅಧ್ಯಯನ ಮಾಡುತ್ತಿದ್ದ ಒಂದು ತಂಡಕ್ಕೆ, ಬೀದಿ ಬೀದಿ ತಿರುಗಿ ವಿವರ ಬರೆದುಕೊಂಡು ಬರುವ ಹೆಂಗಸರು ಬೇಕಾಗಿದ್ದರು. ಸೇರಿಕೊಂಡೆ.

"ಬೀಳೋದನ್ನೂ ಅಧ್ಯಯನ ಮಾಡ್ತಾರಾ?" ಎಂದು ನನ್ನ ಗಂಡ ನಕ್ಕರು. ನಾನೂ ನಕ್ಕಿದ್ದೆ.

ತಂಡದ ಮುಖ್ಯಸ್ಥೆ ಒಬ್ಬರು ಡಾಕ್ಟರು. ನಮ್ಮೆಲ್ಲರಿಗೂ ಅವರು ಬರೀ ಮೇಡಂ. ತರಬೇತಿಯ ಮೊದಲ ದಿನವೇ ಅವರು ಹೇಳಿದ ಮಾತು ನನ್ನ ನಗೆಯನ್ನು ನಿಲ್ಲಿಸಿತು. ಮುದುಕರು ಒಂದೇ ಕಾರಣಕ್ಕೆ ಬೀಳುವುದಿಲ್ಲ. ಕಾಲಿನ ಕಸುವು ಹೋಗಿರುತ್ತದೆ, ಕಣ್ಣು ಮಂಜಾಗಿರುತ್ತದೆ, ಬಿಪಿ ಮಾತ್ರೆ ನುಂಗಿ ಎದ್ದರೆ ತಲೆ ಸುತ್ತುತ್ತದೆ, ಅದರ ಮೇಲೆ ಒದ್ದೆ ನೆಲ. ಒಮ್ಮೆ ಬಿದ್ದವರು ಹೆದರಿ ಓಡಾಟ ಕಡಿಮೆ ಮಾಡುತ್ತಾರೆ. ಓಡಾಟ ಕಡಿಮೆಯಾದಷ್ಟೂ ಕಾಲು ಸೋಲುತ್ತದೆ, ಮತ್ತೆ ಬೀಳುತ್ತಾರೆ. "ವಯಸ್ಸಾಯ್ತು, ಬಿದ್ದರು ಅಂತ ಎಲ್ಲರೂ ಹೇಳಿ ಸುಮ್ಮನಾಗ್ತಾರೆ. ಎಷ್ಟೋ ಬೀಳೋದನ್ನ ತಡೀಬಹುದು ಕಣ್ರೀ," ಎಂದರು.

ಮನೆಗಳನ್ನು ಎರಡು ಗುಂಪು ಮಾಡಿದ್ದರು. ಮೊದಲ ಗುಂಪಿನ ಮನೆಗಳಿಗೆ ಫಿಸಿಯೋಥೆರಪಿಯವರು ಹೋಗಿ ವ್ಯಾಯಾಮ ಕಲಿಸುತ್ತಿದ್ದರು, ಬಚ್ಚಲಿಗೆ ಹಿಡಿಕಂಬಿ ಹಾಕಿಸುತ್ತಿದ್ದರು. ಎರಡನೇ ಗುಂಪಿನವರಿಗೆ ಅದೆಲ್ಲ ಅಧ್ಯಯನ ಮುಗಿದ ಮೇಲೆ. ಅಲ್ಲಿಯವರೆಗೆ ಅವರ ಕೈಗೊಂದು ಕ್ಯಾಲೆಂಡರು, ತಿಂಗಳಿಗೊಮ್ಮೆ ನಾನು. ಬಿದ್ದ ದಿನಕ್ಕೆ ಅವರು ಗುರುತು ಹಾಕಬೇಕು, ನಾನು ಎಣಿಸಿ ಬರೆಯಬೇಕು. ಅವರಿಗೆ ವ್ಯಾಯಾಮ ಹೇಳಿಕೊಡಬಾರದು, ಸಲಹೆ ಕೊಡಬಾರದು. ಕೊಟ್ಟರೆ ಎರಡು ಗುಂಪಿನ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ಇಪ್ಪತ್ತು ವರ್ಷ ಬೆಲ್ಲಿಗೆ ಸರಿಯಾಗಿ ತರಗತಿಗೆ ಹೋಗಿ ಬಂದವಳು ನಾನು. ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ನನ್ನ ಪಾಲಿಗೆ ಬಂದ ಎರಡನೇ ಗುಂಪಿನ ಮನೆಗಳಲ್ಲಿ ಒಂದು ಬನ್ನಿಮಂಟಪದ ಹಿಂದಿನ ಒಂದು ಸಣ್ಣ ಬೀದಿಯಲ್ಲಿತ್ತು. ಎಪ್ಪತ್ತೈದರ ಆಸುಪಾಸಿನ ಅಜ್ಜಿ. ಹುಟ್ಟೂರು ಇಲವಾಲದ ಕಡೆ. ಮದುವೆಯಾಗಿ ಇಲ್ಲಿಗೆ ಬಂದು, ಗಂಡ ಬೇಗ ತೀರಿಕೊಂಡ ಮೇಲೆ ನಲವತ್ತು ವರ್ಷ ಮನೆಯಲ್ಲೇ ಕೂತು ಅಗರಬತ್ತಿ ಹೊಸೆದವರು. ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಮಗ ಆಟೋ ಓಡಿಸುತ್ತಿದ್ದ. ಸೊಸೆ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಹೊರಟರೆ ಸಂಜೆಯವರೆಗೆ ಅಜ್ಜಿ ಒಬ್ಬರೇ.

ನಾನು ಟೀಚರಾಗಿದ್ದೆ ಎಂದು ಗೊತ್ತಾದ ದಿನದಿಂದ ನನ್ನನ್ನು ಟೀಚರಮ್ಮ ಎಂದೇ ಕರೆದರು. ನಾನು ಹೋಗುವ ದಿನ ಅವರಿಗೆ ಗೊತ್ತಿರುತ್ತಿತ್ತು. ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು ಕಾಯುತ್ತಿದ್ದರು. "ಬಾರವ್ವ, ನೀನೊಬ್ಳೇ ನನ್ನ ಎಂಗಿದ್ದೀಯ ಅಂತ ಕೇಳಕ್ ಬರೋಳು," ಎನ್ನುತ್ತಿದ್ದರು.

ಆ ಮನೆಗೆ ನಲ್ಲಿ ನೀರು ದಿನ ಬಿಟ್ಟು ದಿನ. ನಡುಮನೆಯಿಂದ ಬಚ್ಚಲಿಗೆ ಹೋಗುವ ಇಕ್ಕಟ್ಟಿನ ದಾರಿಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ ಇತ್ತು. ಮಗ ಹೊಸದಾಗಿ ಹಾಕಿಸಿದ್ದ ಟೈಲ್ಸು ನುಣುಪು. ಬಚ್ಚಲಿನ ನೆಲ ದಾರಿಗಿಂತ ಒಂದು ಗೇಣು ಕೆಳಗೆ. ಅಜ್ಜಿ ಡ್ರಮ್ಮಿನ ಅಂಚು ಹಿಡಿದು ಒಂದು ಕಾಲು ಕೆಳಗಿಳಿಸಿ, ಆಮೇಲೆ ಇನ್ನೊಂದನ್ನು ಎಳೆದುಕೊಳ್ಳುತ್ತಿದ್ದರು. ಮೂರನೇ ತಿಂಗಳು ಇದನ್ನು ನಾನು ಕಣ್ಣಾರೆ ಕಂಡೆ. ತುಂಬಿದ ಡ್ರಮ್ಮು ಅಲ್ಲಾಡುವುದಿಲ್ಲ. ಅವತ್ತು ಅದು ಅರ್ಧ ಖಾಲಿಯಾಗಿತ್ತು. ಅಜ್ಜಿ ಭಾರ ಬಿಟ್ಟೊಡನೆ ವಾಲಿತು, ಮತ್ತೆ ಸರಿಯಾಗಿ ನಿಂತಿತು. ನಾನು ಕುರ್ಚಿಯಿಂದ ಎದ್ದೇ ಬಿಟ್ಟಿದ್ದೆ.

"ಯಾಕವ್ವ ಎದ್ಬುಟ್ಟೆ? ಕೂತ್ಕೊ. ಕೈ ತೊಳ್ಕೊಂಡು ಬಂದು ಟೀ ಕಾಯುಸ್ತೀನಿ."

ಆ ಡ್ರಮ್ಮನ್ನು ಅಲ್ಲಿಂದ ತೆಗೆಸಿ ಅಜ್ಜಿ ಎನ್ನುವ ಮಾತು ನಾಲಿಗೆ ತುದಿಗೆ ಬಂತು. ಸಲಹೆ ಕೊಡಬಾರದು. ನುಂಗಿಕೊಂಡು ಕೂತೆ. ಟೀ ಕುಡಿದೆ. ಕ್ಯಾಲೆಂಡರಿನಲ್ಲಿ ಯಾವ ದಿನಕ್ಕೂ ಗುರುತಿರಲಿಲ್ಲ. ಫಾರಂನಲ್ಲಿ ಸೊನ್ನೆ ಬರೆದು ಮುಂದಿನ ಮನೆಗೆ ಹೋದೆ.

ಐದನೇ ತಿಂಗಳು ಹೋದಾಗ ಅಜ್ಜಿಯ ಎಡಮೊಣಕೈಯಿಂದ ಕೆಳಗೆ ಚರ್ಮ ಹಸಿರುಗಟ್ಟಿತ್ತು. ಸೆರಗು ಎಳೆದು ಮುಚ್ಚಿಕೊಂಡರು.

"ಇದೇನಜ್ಜಿ ಕೈಗೆ?"

"ಬಾಗ್ಲು ತಗುಲ್ತು ಕಣವ್ವ."

"ಬಿದ್ರಾ?"

"ಬಿದ್ದಿದ್ರೆ ಇಂಗೆ ನಿನ್ ಮುಂದೆ ಕೂತಿರ್ತಿದ್ನಾ? ಬರ್ಕೊ, ಬಿದ್ದಿಲ್ಲ ಅಂತ ಬರ್ಕೊ."

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಬಿದ್ದೆ ಅಂತ ನೀನ್ ಬರುದ್ರೆ ನನ್ ಮಗನ್ಗೆ ಗೊತ್ತಾಯ್ತದೆ. ಆಸಾಡದ ಸುಕ್ರವಾರ ಬೆಟ್ಟಕ್ಕೆ ಹೋಗಕ್ ಬುಡಲ್ಲ ಅವ್ನು. ತಾಯಿ ಮುಖ ನೋಡ್ದೆ ಒಂದ್ ವರ್ಸಾನೂ ಕಳ್ದಿಲ್ಲ ನಾನು."

ಇದಕ್ಕಿಂತ ಸ್ಪಷ್ಟವಾಗಿ ಯಾರು ತಾನೇ ಹೇಳುತ್ತಾರೆ? ಬಿದ್ದಿದ್ದಾರೆ ಎಂದು ನನಗೆ ಗೊತ್ತಾಯಿತು. ಆದರೆ ಅವರು ಹೇಳಿದ್ದನ್ನು ಬರೆಯುವುದಷ್ಟೇ ನನ್ನ ಕೆಲಸ ಎಂದು ನನಗೆ ನಾನೇ ಹೇಳಿಕೊಂಡೆ. ಬಿಸಿಲು ಏರುತ್ತಿತ್ತು, ಇನ್ನೂ ಮೂರು ಮನೆ ಬಾಕಿ ಇದ್ದವು. ಅದನ್ನೂ ಇಲ್ಲಿ ಮುಚ್ಚಿಡುವುದಿಲ್ಲ. ಮತ್ತೊಂದು ಸೊನ್ನೆ ಬರೆದೆ.

ಅಜ್ಜಿ ಆ ಆಷಾಢದಲ್ಲಿ ಬೆಟ್ಟಕ್ಕೆ ಹೋಗಿ ದೇವಿಯ ದರ್ಶನ ಮಾಡಿ ಬಂದರು. ಮುಂದಿನ ಭೇಟಿಯಲ್ಲಿ ನನಗೆ ಕುಂಕುಮದ ಪೊಟ್ಟಣ ಕೊಟ್ಟು, ನೂಕುನುಗ್ಗಲಲ್ಲಿ ಎರಡು ಗಂಟೆ ನಿಂತಿದ್ದನ್ನು ಹೆಮ್ಮೆಯಿಂದ ಹೇಳಿದರು.

ಅದರ ಮುಂದಿನ ತಿಂಗಳು ಹೋದಾಗ ಬಾಗಿಲು ಒಳಗಿಂದ ಚಿಲಕ ಹಾಕಿತ್ತು. ಹನ್ನೊಂದೂವರೆ ಇರಬಹುದು. ಎರಡು ಸಲ ತಟ್ಟಿದೆ, ಕೂಗಿದೆ. ಸದ್ದಿಲ್ಲ. ಕಿವಿಗೊಟ್ಟರೆ ಒಳಗೆಲ್ಲೋ ಟಣ್ ಎಂದು ಒಂದು ಸಣ್ಣ ಶಬ್ದ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು. ಪಕ್ಕದ ಮನೆಯ ಹೆಂಗಸು ಹೊರಗೆ ಬಂದರು. ಅರವತ್ತು ದಾಟಿದವರು, ತಾವೇ ಮಂಡಿ ಹಿಡಿದುಕೊಂಡು ನಡೆಯುವವರು.

"ಬೆಳಿಗ್ಗೆಯಿಂದ ಆಗಾಗ ಹಿಂಗೇ ಸದ್ದು ಬತ್ತಿತ್ತು. ಪಾತ್ರೆ ತೊಳೀತಾವ್ರೆ ಅನ್ಕಂಡೆ," ಎಂದರು. ಹೇಳುತ್ತಿದ್ದಂತೆ ಅವರ ಮುಖ ಬಿಳಿಚಿಕೊಂಡಿತು.

ಮಗನಿಗೆ ಫೋನ್ ಮಾಡಿದೆವು. ಅವನು ಆಟೋವನ್ನು ಬೀದಿಯ ನಡುವೆಯೇ ಬಿಟ್ಟು ಓಡಿ ಬಂದು, ಕಬ್ಬಿಣದ ಸರಳಿನಿಂದ ಚಿಲಕ ಮೀಟಿ ಬಾಗಿಲು ತೆಗೆದ.

ಡ್ರಮ್ಮು ಮಗುಚಿ ಬಿದ್ದಿತ್ತು. ಅಜ್ಜಿ ಬಚ್ಚಲಿನಲ್ಲಿ ಮಗ್ಗುಲಾಗಿ ಬಿದ್ದಿದ್ದರು. ಬಲಗಾಲು ಹೊರಕ್ಕೆ ತಿರುಗಿಕೊಂಡಿತ್ತು, ಇನ್ನೊಂದಕ್ಕಿಂತ ಗಿಡ್ಡವಾಗಿ ಕಾಣುತ್ತಿತ್ತು. ಸೀರೆ ತೊಯ್ದು ಮೈಗೆ ಅಂಟಿತ್ತು. ತುಟಿ ನೀಲಿಯಾಗಿತ್ತು. ಕೈಯಲ್ಲಿ ಚೊಂಬು. ಕೂಗಿ ಕೂಗಿ ಗಂಟಲು ಕಟ್ಟಿದ ಮೇಲೆ ಅದನ್ನೇ ನೆಲಕ್ಕೆ ಬಡಿಯುತ್ತಿದ್ದರು. ಮಗ, ಸೊಸೆ ಹೊರಟ ಸ್ವಲ್ಪ ಹೊತ್ತಿಗೇ ಬಿದ್ದವರು. ಮೂರು ಗಂಟೆ ಹಾಗೇ ಇದ್ದರು.

"ಬಾಗ್ಲು ಮುರುದ್ಬುಟ್ಯಾ?" ಎಂದರು ಮಗನಿಗೆ. ಆಮೇಲೆ ಅವನ ಹಿಂದೆ ನಿಂತ ನನ್ನನ್ನು ಕಂಡರು. "ನೀನ್ ಬತ್ತೀಯ ಅಂತ ಬಿರ್ಬಿರ್ನೆ ನೀರ್ ಹುಯ್ಕೊಳಕ್ ಹೋದೆ ಕಣವ್ವ ಟೀಚರಮ್ಮ."

ನಾನು ಒದ್ದೆಯಲ್ಲೇ ಕೂತು ಅವರ ಕೈಯಿಂದ ಚೊಂಬು ಬಿಡಿಸಿದೆ. ಬೆರಳು ಸೆಟೆದುಕೊಂಡಿದ್ದವು. ಎತ್ತಬೇಡ, ಆಂಬುಲೆನ್ಸ್ ಬರಲಿ ಎಂದು ಮಗನಿಗೆ ಹೇಳಿದೆ. ಆ ಮನೆಯಲ್ಲಿ ನಾನು ಕೊಟ್ಟ ಮೊದಲ ಸಲಹೆ ಅದು. ಹೊದಿಕೆ ಹೊದಿಸಿ ಕಾಯುತ್ತಿದ್ದಾಗ ಅಜ್ಜಿ ನನ್ನ ಚೀಲದ ಕಡೆ ಕಣ್ಣಾಡಿಸಿ, "ಇವತ್ತು ಬರ್ಕೊ, ಬಿದ್ದೆ ಅಂತ," ಎಂದರು.

ಸೊಂಟದ ಹತ್ತಿರ ತೊಡೆಮೂಳೆ ಮುರಿದಿತ್ತು. ಎದೆಯಲ್ಲಿ ಕಫ, ಏರಿದ ಬಿಪಿ. ಅವು ಹತೋಟಿಗೆ ಬಂದ ಮೇಲೆ ಆಪರೇಷನ್ ಮಾಡಿದರು. ಮನೆಗೆ ಕರೆತಂದು ನಡುಮನೆಯಲ್ಲಿ ಮಂಚ ಹಾಕಿದರು. ಸೊಸೆ ಕೆಲಸ ಬಿಟ್ಟಳು. ವಾಕರ್ ಹಿಡಿದು ನಿಲ್ಲಿಸಲು ಹೋದರೆ ಅಜ್ಜಿ ಸಣ್ಣ ಮಗುವಿನ ಹಾಗೆ ಚೀರುತ್ತಿದ್ದರು. ಇದೇ ಹೆಂಗಸು ಬೆಟ್ಟದ ಮೇಲೆ ಎರಡು ಗಂಟೆ ನಿಂತು ಬಂದಿದ್ದರು. ಈಗ ನಿಲ್ಲು ಎಂದರೆ ಸಾಕು, ಬೀಳುತ್ತೇನೆ ಎಂದು ಮಂಚದ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಿದ್ದರು.

ಆ ವಾರವೇ ಮೇಡಂ ಮುಂದೆ ಹೋಗಿ ಎಲ್ಲ ಹೇಳಿದೆ. ಡ್ರಮ್ಮಿನ ವಿಷಯ, ಹಸಿರುಗಟ್ಟಿದ ಕೈ, ನಾನು ಬರೆದ ಸುಳ್ಳು ಸೊನ್ನೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಾವು ಕೊಟ್ಟ ಫೈಲಿನ ಕೊನೇ ಹಾಳೆ ಓದಿದ್ರಾ?" ಎಂದು ಕೇಳಿದರು.

ಓದಿರಲಿಲ್ಲ. ಅವರೇ ತೆಗೆದು ತೋರಿಸಿದರು. ಯಾವ ಗುಂಪಿನ ಮನೆಯೇ ಆಗಲಿ, ಕಣ್ಣೆದುರು ಅಪಾಯ ಕಂಡರೆ ಮನೆಯವರಿಗೆ ತಿಳಿಸಿ, ಅವತ್ತೇ ಮೇಡಂಗೆ ಫೋನ್ ಮಾಡಬೇಕು ಎಂದು ಅಚ್ಚಾಗಿತ್ತು.

"ಸಲಹೆ ಕೊಡಬೇಡಿ ಅಂದ್ರೆ ಕಣ್ಣು ಮುಚ್ಕೊಳ್ಳಿ ಅಂತ ಅಲ್ಲ. ಒಂದು ಫೋನ್ ಮಾಡಿ ಕೇಳಬಾರದಿತ್ತೇನ್ರೀ?" ಎಂದವರು, ಕನ್ನಡಕ ತೆಗೆದಿಟ್ಟು, "ನಾನೂ ಅದನ್ನ ಬಾಯಿಬಿಟ್ಟು ಹೇಳಬೇಕಿತ್ತು. ಹಾಳೇಲಿ ಹಾಕಿದ್ದೀನಲ್ಲ ಅಂತ ಬಿಟ್ಟೆ," ಎಂದರು.

ಬೈದಿದ್ದರೆ ಚೆನ್ನಾಗಿತ್ತು. ಮರುದಿನವೇ ನಮ್ಮೆಲ್ಲರನ್ನೂ ಕರೆಸಿ ಆ ಹಾಳೆಯನ್ನು ಎರಡು ಸಲ ಗಟ್ಟಿಯಾಗಿ ಓದಿಸಿದರು. ಓದುವ ಸರದಿ ನನಗೇ ಬಂತು. ಎರಡನೇ ಸಲ ಓದುವಾಗ ಅರ್ಧಕ್ಕೇ ನಿಲ್ಲಿಸಿದೆ, ಪಕ್ಕದಲ್ಲಿದ್ದವಳು ಮುಗಿಸಿಕೊಟ್ಟಳು.

ಫಾರಂ ಇಲ್ಲದಿದ್ದರೂ ಅಜ್ಜಿಯನ್ನು ನೋಡಲು ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಸೊಸೆ, ಮಲಗಿ ಮಲಗಿ ಅವರ ಬೆನ್ನಿನಲ್ಲಿ ಎದ್ದ ಹುಣ್ಣಿಗೆ ಔಷಧಿ ಹಚ್ಚುತ್ತಿದ್ದಳು. ನಾನು ಅಜ್ಜಿಯನ್ನು ಮಗ್ಗುಲಿಗೆ ಹಿಡಿದುಕೊಂಡಿದ್ದೆ. ತಲೆ ಎತ್ತದೆಯೇ ಅವಳು ಕೇಳಿದಳು.

"ಅಕ್ಕ, ನೀವು ತಿಂಗ್ಳು ತಿಂಗ್ಳು ಬತ್ತಿದ್ರಲ್ಲ. ಬೀಳೋ ವಿಷ್ಯಾನೇ ಅಲ್ವಾ ನಿಮ್ ಕೆಲ್ಸ. ಆ ಡ್ರಮ್ಮು ನೋಡಿರ್ಲಿಲ್ವಾ?"

"ನೋಡಿದ್ದೆ."

"ಒಂದ್ ಮಾತು ಹೇಳ್ಬಾರ್ದಿತ್ತಾ?"

ಎರಡು ಗುಂಪಿನ ವಿಷಯ ಶುರು ಮಾಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಮಾತು ನನಗೇ ಅಸಹ್ಯವಾಗಿ, "ಹೇಳಬೇಕಿತ್ತು. ಹೇಳಲಿಲ್ಲ. ತಪ್ಪು ನಂದು," ಎಂದೆ.

ಅವಳು ಹತ್ತಿಯನ್ನು ಬಟ್ಟಲಿಗೆ ಹಾಕಿದಳು. "ಆ ಡ್ರಮ್ಮು ಅಲ್ಲಿ ಇಟ್ಟೋಳು ನಾನೇ ಬುಡಿ. ದಿನಾ ಅದ್ರ ಪಕ್ಕದಲ್ಲೇ ಓಡಾಡ್ತಿದ್ದೆ," ಎಂದಳು. ಕ್ಷಮಿಸಿದ ದನಿಯಲ್ಲ ಅದು. ಆಮೇಲೆ ನಾವಿಬ್ಬರೂ ಸೇರಿ ಅಜ್ಜಿಯ ಹಾಸಿಗೆ ಬಟ್ಟೆ ಬದಲಾಯಿಸಿದೆವು.

ಎರಡು ತಿಂಗಳಾಗುವಷ್ಟರಲ್ಲಿ ಅಜ್ಜಿಯ ಮಾತು ಹಳಿ ತಪ್ಪತೊಡಗಿತು. ನನ್ನ ಗುರುತು ಒಂದು ದಿನ ಸಿಕ್ಕರೆ ಒಂದು ದಿನ ಇಲ್ಲ. ಜ್ವರ ಬಂತು, ಕಫ ಎದೆಗೆ ಇಳಿಯಿತು. ಒಂದು ಬೆಳಿಗ್ಗೆ ಸೊಸೆ ಗಂಜಿ ಕುಡಿಸುತ್ತಿದ್ದಾಗಲೇ ಹೋಗಿಬಿಟ್ಟರು.

ತಿಥಿಯೆಲ್ಲ ಮುಗಿದ ಮೇಲೆ ಕೊನೆಯ ಫಾರಂ ತುಂಬಲು ಹೋಗಬೇಕಾಯಿತು. ಅಧ್ಯಯನದಿಂದ ಹೊರಗುಳಿದ ಕಾರಣ ಎಂದು ಒಂದು ಸಾಲು. ಅದನ್ನು ಮಗನ ಎದುರಿಗೇ ಬರೆದೆ. ಐದನೇ ತಿಂಗಳ ಸೊನ್ನೆಯನ್ನು ಹೊಡೆದು ಒಂದು ಎಂದು ತಿದ್ದಿದ್ದನ್ನೂ ತೋರಿಸಿ, ಕಾರಣ ಹೇಳಿದೆ. ಅವ್ವ ಮುಂಚೆಯೇ ಒಮ್ಮೆ ಬಿದ್ದಿದ್ದರು ಎಂಬುದು ಅವನಿಗೆ ಆಗಲೇ ತಿಳಿದದ್ದು.

"ಬೆಟ್ಟಕ್ಕೆ ಬುಡಲ್ಲ ಅಂತ ನನ್ಗೆ ಹೇಳ್ಲಿಲ್ವಾ ಅವ್ವ?" ಎಂದ. "ಬಿದ್ದಿದ್ದು ಗೊತ್ತಾಗಿದ್ರೂ ನಾನೇ ಆಟೋದಲ್ಲಿ ಕರ್ಕೊಂಡ್ ಹೋಯ್ತಿದ್ನಲ್ಲ ಮೇಡಂ."

ಬಚ್ಚಲಿಗೆ ಆಸ್ಪತ್ರೆಯವರು ಹೇಳಿದಂತೆ ಸ್ಟೀಲಿನ ಹಿಡಿಕಂಬಿ ಹಾಕಿಸಿದ್ದ. ಬಾಗಿಲಿನಿಂದಲೇ ಕಾಣುತ್ತಿತ್ತು. ಅಜ್ಜಿ ಅದನ್ನು ಒಂದು ದಿನವೂ ಹಿಡಿಯಲಿಲ್ಲ. ಸಹಿ ಹಾಕಿ ಪೆನ್ನು ಕೊಡುತ್ತ ಕೇಳಿದ. "ಇದ್ನೆಲ್ಲ ಬರ್ದು ಏನ್ ಗೊತ್ತಾಯ್ತದೆ?"

"ಯಾವುದರಿಂದ ಉಪಯೋಗ ಆಗುತ್ತೆ, ಯಾವುದರಿಂದ ಇಲ್ಲ ಅಂತ. ಮುಂದಿನವರಿಗೆ," ಎಂದೆ.

ಅವನು ತಲೆಯಾಡಿಸಿ ಒಳಗೆ ಹೋದ.

ಹೊರಗೆ ಬಂದಾಗ ಪಕ್ಕದ ಮನೆಯವರು ಬಾಗಿಲಲ್ಲಿ ನಿಂತಿದ್ದರು. ಅವರ ಮನೆ ನಮ್ಮ ಪಟ್ಟಿಯಲ್ಲಿರಲಿಲ್ಲ. ಮೆಟ್ಟಿಲ ಮೇಲೆ ಗೋಣಿತಾಟು ಹಾಸಿತ್ತು, ಒಂದು ಮೂಲೆ ಮಡಚಿಕೊಂಡಿತ್ತು. "ಅಮ್ಮ, ಇದು ಕಾಲಿಗೆ ಸಿಕ್ಕಿಕೊಳ್ಳುತ್ತೆ. ಮಂಡಿ ಬೇರೆ ನೋವು ನಿಮಗೆ. ಇವತ್ತೇ ತೆಗೆದುಬಿಡಿ," ಎಂದೆ. "ಆಯ್ತವ್ವ, ತೆಗೀತೀನಿ," ಎಂದರು. ಮುಂದಿನ ತಿಂಗಳು ಆ ಬೀದಿಗೆ ಹೋದಾಗ ಅದು ಅಲ್ಲೇ ಇತ್ತು. ಅವರನ್ನು ಕೂಗಿ ಹೇಳಿ, ನಾನೇ ಸುತ್ತಿ ಗೋಡೆಗೆ ಒರಗಿಸಿ ಬಂದೆ. ಅದರ ಮುಂದಿನ ತಿಂಗಳು ಮತ್ತೆ ಹಾಸಿತ್ತು.