ತೊಳೆಯಬಾರದ ಮರಿಗೆ

ಬೆಳಗಿನ ಜಾವ ಐದೂಕಾಲು. ಜುಲೈ ತಿಂಗಳ ಚಳಿಗೆ ನೈರೋಬಿಯ ಲ್ಯಾವಿಂಗ್ಟನ್ ಬಡಾವಣೆಯ ಗೇಟುಗಳೆಲ್ಲ ಇನ್ನೂ ಮುಚ್ಚಿಯೇ ಇವೆ. ದೊಡ್ಡ ಮನೆಯೊಂದರ ಹಿತ್ತಲಿನ ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿ ರೊಸಲಿನ್ ಕಾರ್ಡೋಜ ಮರದ ಮರಿಗೆಯ ಮೇಲಿನ ಕಂಬಳಿ ಸರಿಸುತ್ತಾರೆ. ಬಗ್ಗಿ ಮೂಸುತ್ತಾರೆ. ಕಂದು ಹಿಟ್ಟನ್ನು ಬೆರಳ ತುದಿಯಲ್ಲಿ ತೆಗೆದು ನಾಲಗೆಗೆ ಇಟ್ಟು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ.

"ಹಿಟ್ಟಿಗೆ ಚಳಿ ಆದರೆ ಕಂಬಳಿ ಹೊದಿಸ್ತಾಳೆ. ನನಗೆ ಚಳಿ ಅಂದರೆ, ಸ್ವೆಟರ್ ಅಲ್ಲೇ ಉಂಟಲ್ಲ ಅಂತಾಳೆ" ಎನ್ನುತ್ತಾರೆ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತ ಗಂಡ ಹಿಲರಿ. ರೊಸಲಿನ್ ಒದ್ದೆ ಕೈಯಲ್ಲಿ ಹಿಟ್ಟನ್ನು ತಗಡಿನ ಅಚ್ಚುಗಳಿಗೆ ತುಂಬುತ್ತಾರೆ.

ಇವತ್ತು ಬೇಯುವುದು ಹದಿನೆಂಟು ಬ್ರೆಡ್ಡು. ಒಂದು ದಿನ ಆರಬೇಕು, ಬಿಸಿಯಿರುವಾಗ ಕೊಯ್ದರೆ ಒಳಗೆ ಅಂಟು. ನಾಳೆ ಶುಕ್ರವಾರ, ಹಿಲರಿಯ ಹಳೆಯ ಕಾರಿನಲ್ಲಿ ಅವು ಊರು ಸುತ್ತುತ್ತವೆ. ಅದರಲ್ಲೊಂದು ಕರೆನ್ ಬಡಾವಣೆಯಲ್ಲಿರುವ ಎಂಬತ್ತೊಂದು ವರ್ಷದ ಲೇಯ್ಡಾ ಅವರ ಮನೆಗೆ. ಫೆಬ್ರವರಿಯಲ್ಲಿ ಈ ಅಡುಗೆಮನೆ ಕಳೆದುಕೊಂಡ ರುಚಿ ಮರಳಿ ಬಂತೋ ಇಲ್ಲವೋ ಎಂದು ಹೇಳಬಲ್ಲ ನಾಲಗೆ ನೈರೋಬಿಯಲ್ಲಿ ಅದೊಂದೇ.

ಲೇಯ್ಡಾ ಎಸ್ಟೋನಿಯಾದವರು. ಯುರೋಪಿನ ಉತ್ತರದ ಆ ದೇಶದ ಜನಸಂಖ್ಯೆ ಹದಿಮೂರು ಲಕ್ಷದ ಆಸುಪಾಸು, ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ ಹಿಡಿಸಿಬಿಡುವಷ್ಟು. ಅಲ್ಲಿ ಮತ ಹಾಕುವುದನ್ನೂ ತೆರಿಗೆ ಕಟ್ಟುವುದನ್ನೂ ಜನ ಕಂಪ್ಯೂಟರಿನಲ್ಲೇ ಮುಗಿಸುತ್ತಾರೆ. ಊಟದ ಮೇಜಿನ ವಿಷಯ ಮಾತ್ರ ಹಳೆಯದು. ರೈ ಎಂಬ ಧಾನ್ಯದ ಹುಳಿ ಹಿಟ್ಟಿನಿಂದ ಮಾಡಿದ ಕರಿ ಬ್ರೆಡ್ಡೇ ಅವರಿಗೆ ಬ್ರೆಡ್ಡು. ಗೋಧಿಯ ಬಿಳಿ ಬ್ರೆಡ್ಡಿಗೆ ಬೇರೆಯೇ ಹೆಸರು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸಾವಿರಾರು ಜನ ದೋಣಿ ಹತ್ತಿ ಸ್ವೀಡನ್ನಿಗೆ ಓಡಿದಾಗ ಲೇಯ್ಡಾ ಕೈಗೂಸು. ಅವರಮ್ಮ ಒಂದು ತೋಳಿನಲ್ಲಿ ಮಗುವನ್ನು, ಇನ್ನೊಂದರಲ್ಲಿ ಈ ಮರಿಗೆಯನ್ನು ಹಿಡಿದು ದೋಣಿ ಹತ್ತಿದ್ದರಂತೆ. ಮುಂದೆ ಲೇಯ್ಡಾರ ಜೊತೆಗೇ ಅದು ನೈರೋಬಿಗೂ ಬಂತು. ಅದನ್ನು ತೊಳೆಯುವಂತಿಲ್ಲ. ಗೋಡೆಗೆ ಅಂಟಿ ಒಣಗಿದ ಹಿಟ್ಟೇ ಮುಂದಿನ ಹಿಟ್ಟಿಗೆ ಹೆಪ್ಪು.

ರೊಸಲಿನ್ ಲೇಯ್ಡಾರ ಮನೆಗೆ ಮೊದಲು ಹೋದದ್ದು ಹದಿನಾಲ್ಕು ವರ್ಷದ ಹಿಂದೆ. ಇಂಡಸ್ಟ್ರಿಯಲ್ ಏರಿಯಾದ ಡಬ್ಬಿ ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿದ್ದ ಹಿಲರಿಯ ಬೆನ್ನುಮೂಳೆಗೆ ಪೆಟ್ಟಾಗಿ ಅವರು ಹಾಸಿಗೆ ಹಿಡಿದಿದ್ದರು. ತಮ್ಮ ಊರು ಮಂಗಳೂರಿನಲ್ಲಿ ಯಾರಿಗೂ ತಿಳಿಸದೆ ರೊಸಲಿನ್ ಅಡುಗೆ ಕೆಲಸಕ್ಕೆ ಸೇರಿದರು. ದಿನಕ್ಕೆ ನಾಲ್ಕು ಮಟಾಟು ಎಂಬ ಬಾಡಿಗೆ ವ್ಯಾನು, ಹೋಗುವಾಗ ಎರಡು, ಬರುವಾಗ ಎರಡು. ಇಡ್ಲಿ, ಸಾನ್ನಾಂ ಹಿಟ್ಟಿನ ಹುಳಿಯನ್ನು ವಾಸನೆಯಲ್ಲೇ ಅಳೆಯುತ್ತಿದ್ದ ಮೂಗು ರೈ ಹಿಟ್ಟನ್ನೂ ಬೇಗ ಕಲಿತಿತು. ಲೇಯ್ಡಾರ ಮಣಿಕಟ್ಟು ಸೋತ ಮೇಲೆ ಮರಿಗೆ ಲ್ಯಾವಿಂಗ್ಟನ್‌ಗೆ ಬಂತು. ಈಗ ವಾರಕ್ಕೆ ಮೂರು ಸಲ ಒಲೆ ಉರಿಯುತ್ತದೆ, ಮಾರಲು ಐವತ್ನಾಲ್ಕು ಬ್ರೆಡ್ಡು.

ಫೆಬ್ರವರಿ ಇಪ್ಪತ್ತನಾಲ್ಕು ಎಸ್ಟೋನಿಯಾದ ಸ್ವಾತಂತ್ರ್ಯ ದಿನ. ಅಂದು ನೈರೋಬಿಯ ಬೆರಳೆಣಿಕೆಯ ಎಸ್ಟೋನಿಯನ್ನರು ಲೇಯ್ಡಾರ ಮನೆಯಲ್ಲಿ ಸೇರಿ, ಕರಿ ಬ್ರೆಡ್ಡಿನ ಮೇಲೆ ಪುಟ್ಟ ಉಪ್ಪುಮೀನು ಇಟ್ಟು ತಿನ್ನುತ್ತಾರೆ. ಈ ವರ್ಷ ಅದಕ್ಕೆ ನಾಲ್ಕು ದಿನ ಇರುವಾಗ, ಊರಿನಿಂದ ಬಂದಿದ್ದ ಹಿಲರಿಯ ತಂಗಿ ಪ್ರೀಮಾ ಸುಮ್ಮನೆ ಕೂರಲಾರದೆ ಅಡುಗೆಮನೆಗೆ ಇಳಿದರು. ರೊಸಲಿನ್ ಇಗರ್ಜಿಯಿಂದ ಮರಳುವಾಗ ಮರಿಗೆ ಬಿಸಿಲಲ್ಲಿ ಬೋರಲಾಗಿ ಫಳಫಳ ಹೊಳೆಯುತ್ತಿತ್ತು. ಕುದಿನೀರು, ಸಾಬೂನು, ತೆಂಗಿನ ನಾರು, ಯಾವುದಕ್ಕೂ ಕೊರತೆಯಾಗಿರಲಿಲ್ಲ.

"ಅತ್ತಿಗೆ, ನೀವು ಇಷ್ಟು ಗಲೀಜು ಯಾವಾಗಿನಿಂದ ಆದದ್ದು? ನಾಯಿ ಸಹ ಮೂಸಲಿಕ್ಕಿಲ್ಲ ಅದನ್ನು" ಎಂದು ನಾದಿನಿ ನಕ್ಕರಂತೆ.

ರೊಸಲಿನ್ ಬೈಯಲಿಲ್ಲ. ತಮ್ಮ ಸ್ವಂತ ಅಮ್ಮನಾಗಿದ್ದರೂ ಅದನ್ನೇ ಮಾಡುತ್ತಿದ್ದರು, ಮಂಗಳೂರಿನಲ್ಲಿ ಹುಟ್ಟಿದ ಯಾವ ಹೆಂಗಸೂ ಅದನ್ನೇ ಮಾಡುತ್ತಿದ್ದಳು. ಸಂಗತಿ ತಿಳಿದ ಪ್ರೀಮಾ ಆ ದಿನ ಊಟ ಮಾಡಲಿಲ್ಲ. ಹಿಲರಿ ಒಂದು ದಾರಿ ಹೇಳಿದರು: ಅಂಗಡಿಯ ಯೀಸ್ಟ್ ಹಾಕು, ಹುಳಿಗೆ ನಾಲ್ಕು ಚಮಚ ವಿನೆಗರ್ ಸುರಿ, ಮೀನಿನ ಉಪ್ಪಿನಲ್ಲಿ ಯಾರಿಗೆ ಗೊತ್ತಾಗುತ್ತದೆ? ರೊಸಲಿನ್ ಯೀಸ್ಟಿನ ಪೊಟ್ಟಣ ತಂದದ್ದೂ ಹೌದು. ಒಂದು ಹಗಲೆಲ್ಲ ಅದು ಕಟ್ಟೆಯ ಮೇಲಿತ್ತು.

"ಗೊತ್ತಾಗುವುದಿಲ್ಲ, ಸರಿಯೇ. ಆದರೆ ಆಮೇಲೆ ಪ್ರತಿ ಶುಕ್ರವಾರ ನಾನು ಅವರ ಮುಖ ನೋಡಬೇಕಲ್ಲ ಮಾರಾಯ್ರೆ" ಎನ್ನುತ್ತಾರೆ ಈಗ.

ಮರುದಿನ ಮಟಾಟು ಹತ್ತಿ ಕರೆನ್‌ಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದರು. ಬೇರೆಲ್ಲಿಂದಲೂ ಹೆಪ್ಪು ತರಿಸುವಂತಿರಲಿಲ್ಲ. ಲೇಯ್ಡಾರ ಸಂಬಂಧಿಕರೆಲ್ಲ ಅಂಗಡಿಯಿಂದ ಬ್ರೆಡ್ಡು ಕೊಳ್ಳುವವರು. ಹೊಸ ಹುಳಿ ಹುಟ್ಟಲು ವಾರವಾದರೂ ಬೇಕು. ಇಪ್ಪತ್ತನಾಲ್ಕರಂದು ಬೇಯಿಸಿದ ಆಲೂಗಡ್ಡೆಯ ಬಿಲ್ಲೆಗಳ ಮೇಲೆ ಮೀನು ಬಂತು. ಕೇಳಿದ ಅತಿಥಿಗಳಿಗೆ ಲೇಯ್ಡಾ, ಈ ಸಲ ಬ್ರೆಡ್ಡು ಇಲ್ಲ ಎಂದಷ್ಟೇ ಹೇಳಿದರು. ಯಾರ ಹೆಸರೂ ಎತ್ತಲಿಲ್ಲ.

ರೊಸಲಿನ್ ಬರೀ ರೈ ಹಿಟ್ಟು, ನೀರು ಕಲಸಿ ಅದೇ ಮರಿಗೆಯಲ್ಲಿ ಹೊಸದಾಗಿ ಹುಳಿ ಬರಿಸಿದರು. ಮಾರ್ಚ್ ಮೊದಲ ವಾರ ಬೆಂದ ಬ್ರೆಡ್ಡನ್ನು ಲೇಯ್ಡಾ ಬೆಣ್ಣೆಯಿಲ್ಲದೆ ಜಗಿದು, "ಡಿಫರೆಂಟ್" ಎಂದರು. ಮುಂದಿನ ವಾರಕ್ಕೂ ಒಂದು ಬೇಕು ಎಂದರು. ಅಂದಿನಿಂದ ಪ್ರತಿ ಶುಕ್ರವಾರ ಒಂದೊಂದು ಕೊರತೆ: ಒಮ್ಮೆ ಹುಳಿ ಮುಂದಾಗಿ ಬರುತ್ತದೆ, ಒಮ್ಮೆ ಕೊನೆಗೆ ಕಹಿ ಉಳಿಯುತ್ತದೆ. ರೊಸಲಿನ್ ಎಲ್ಲವನ್ನೂ ಕ್ಯಾಲೆಂಡರಿನ ಮೇಲೆ ಕನ್ನಡದಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಬೇರೆ ಗಿರಾಕಿಗಳಿಗೆ ವ್ಯತ್ಯಾಸವೇ ತಿಳಿದಿಲ್ಲ. ಹೆಚ್ಚು ಕೊಳ್ಳುವವರೂ ಇದ್ದಾರೆ.

ಏಳು ಗಂಟೆಗೆ ಒಲೆಯಿಂದ ಮೊದಲ ಅಚ್ಚು ಹೊರಬರುತ್ತದೆ. ರೊಸಲಿನ್ ಅದರ ತಳ ತಟ್ಟಿ ಸದ್ದು ಕೇಳಿ, ಬಟ್ಟೆ ಮುಚ್ಚುತ್ತಾರೆ. ನಾಳೆ ಕರೆನ್‌ನಿಂದ ಎಂಥ ಹೊಗಳಿಕೆ ಬಂದರೆ ಖುಷಿ ಎಂದು ಕೇಳಿದರೆ, ಅವರು ಹಾಗಲ್ಲ ಎಂಬಂತೆ ತಲೆಯಾಡಿಸುತ್ತಾರೆ.

"ಅವರ ದೇಶದವರು ಚಂದ ಉಂಟು ಅಂತ ಹೇಳುವ ಜನ ಅಲ್ಲ. ಏನಾದರೂ ಕಮ್ಮಿ ಇದ್ದರೆ ಮಾತ್ರ ಬಾಯಿ ಬಿಡುವುದು. ಒಂದು ಶುಕ್ರವಾರ ಅವರು ತಿಂದು, ಎಂತದೂ ಹೇಳದೆ ಇನ್ನೊಂದು ತುಂಡು ಕೊಯ್ದುಕೊಂಡರೆ ನನಗೆ ಸಾಕು."