ಎಲ್ಲರನ್ನೂ ಎಬ್ಬಿಸಿ ಕೂತವಳು

ನಮ್ಮ ಗುಂಪಿನ ಹೆಂಗಸರನ್ನು ಖೋ ಖೋ ಆಡಲು ಎಬ್ಬಿಸಿದವಳು ನಾನೇ. ಡೊಂಬಿವಲಿಯಿಂದ ದಿನಾ ಮುಂಬಯಿ ಲೋಕಲ್ ಟ್ರೇನಿನ ಒಂದೇ ಲೇಡೀಸ್ ಡಬ್ಬಿ ಹತ್ತುವವರು ನಾವು. ನಲವತ್ತು ದಾಟಿದವರೇ ಹೆಚ್ಚು. ಟ್ರೇನಿನಲ್ಲಿ ಸೀಟಿಗಾಗಿ ಹೊಡೆದಾಡುವುದು, ಆಮೇಲೆ ಸಂಜೆಯವರೆಗೆ ಕೂರುವುದು, ಇಷ್ಟೇ ನಮ್ಮ ವ್ಯಾಯಾಮ. ಒಬ್ಬೊಬ್ಬರ ಮನೆಗೂ ಹೋಗಿ ಬೈದೆ. ಮೊಣಕಾಲು ನೋವು ಅಂದವಳಿಗೆ, "ಕುಕ್ಕರುಗಾಲಲ್ಲಿ ಕೂರಬೇಡ ಮಾರಾಯ್ತಿ, ಸ್ಟೂಲ್ ಹಾಕಿಸ್ತೇನೆ" ಅಂದೆ. ಹಾಗೆ ನಮ್ಮ ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ಭಾನುವಾರ ಬೆಳಿಗ್ಗೆ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಖೋ ಖೋ ಶುರುವಾಯಿತು. ಎಲ್ಲರೂ ಓಡುತ್ತಿದ್ದರು. ನಾನು ಮಾತ್ರ ಪಕ್ಕದಲ್ಲಿ ನಿಂತು ವಿಷಲ್ ಊದುತ್ತಿದ್ದೆ.

ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ಆದರೆ ನನ್ನದು ಸೋಮಾರಿತನವಲ್ಲ, ಹೆದರಿಕೆ. ನನ್ನಮ್ಮ ನಲವತ್ತಾರನೇ ವಯಸ್ಸಿನಲ್ಲಿ ಸ್ಟೇಶನ್ನಿನ ಮೇಲ್ಸೇತುವೆ ಹತ್ತುತ್ತ ಎದೆ ಹಿಡಿದು ಮೆಟ್ಟಿಲ ಮೇಲೆ ಕೂತಳು. ಮತ್ತೆ ಏಳಲಿಲ್ಲ. ನನಗೀಗ ನಲವತ್ತಾರು. ಅದೇ ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ಎದೆ ಬಡಿದುಕೊಳ್ಳುತ್ತಿತ್ತು. ಮೊಬೈಲ್ ನೋಡುವವಳ ಹಾಗೆ ನಿಂತುಬಿಡುತ್ತಿದ್ದೆ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ಹೃದಯ ಚೆನ್ನಾಗಿದೆ. ಕೂತು ಕೂತು ದಮ್ಮು ಹೋಗಿದೆ, ಅಷ್ಟೇ. ಓಡಾಡಿ, ಆಟ ಆಡಿ" ಅಂದಿದ್ದರು. ನಾನು ನಂಬಲಿಲ್ಲ. ರಿಪೋರ್ಟನ್ನು ಸೀರೆಗಳ ಕೆಳಗೆ ತುರುಕಿಟ್ಟೆ.

ಟ್ರೇನಿನಲ್ಲೂ ಅಷ್ಟೇ, ನಿಂತರೆ ಸತ್ತೇ ಹೋಗುತ್ತೇನೆಂಬ ಭಯ. ಅದಕ್ಕೇ ಡೊಂಬಿವಲಿಯಿಂದ ಉಲ್ಟಾ, ಟ್ರೇನು ಖಾಲಿ ಹೊರಡುವ ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಕೂತುಕೊಂಡೇ ವಾಪಸು ಬರುತ್ತಿದ್ದೆ. ದಾರಿಯಲ್ಲಿ ಮುಂಬ್ರಾ ಬಂದಾಗ ಕೂತವಳು ಎದ್ದು, ನಿಂತಿದ್ದವಳಿಗೆ ಸೀಟು ಕೊಡಬೇಕು, ನಮ್ಮ ಗುಂಪಿನ ಪದ್ಧತಿ. ನಾನು ಅದರ ಹಿಂದಿನ ಸ್ಟೇಶನ್ ದಿವಾ ಬಂತೆಂದರೆ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚುತ್ತಿದ್ದೆ. ನನ್ನೆದುರು ದಿನಾ ನಿಲ್ಲುತ್ತಿದ್ದವಳು ಕಲಬುರಗಿ ಕಡೆಯ ಗೆಳತಿ. ಠಾಣೆ ಊರಿನ ಕಾರ್ಖಾನೆಯಲ್ಲಿ ನಿಂತೇ ಪ್ಯಾಕಿಂಗ್ ಮಾಡುವವಳು. ಒಂದು ದಿನವೂ ಸೀಟು ಕೇಳಲಿಲ್ಲ. ಇಬ್ಬರೂ ಇಳಿಯುವ ಹೊತ್ತಿಗೆ ನನ್ನ ಹೆಗಲು ಅಲುಗಿಸಿ, "ಏಳ್ರೀ ಅಕ್ಕಾ, ಠಾಣಾ ಬಂತು" ಅನ್ನುತ್ತಿದ್ದಳು. ನಾಚಿಕೆಯಾಗುತ್ತಿತ್ತು. ಮರುದಿನ ಮತ್ತೆ ಕಣ್ಣು ಮುಚ್ಚುತ್ತಿದ್ದೆ.

ಆ ಭಾನುವಾರ ಪಕ್ಕದ ಬಿಲ್ಡಿಂಗಿನವರ ಜೊತೆ ಪಂದ್ಯವಿತ್ತು. ನಮ್ಮಲ್ಲಿ ಒಬ್ಬಳು ಮದುವೆಗೆಂದು ವಿಜಯಪುರಕ್ಕೆ ಹೋಗಿದ್ದಳು. ಒಬ್ಬರು ಕಡಿಮೆ. ಎಲ್ಲರೂ ನನ್ನ ಮುಖ ನೋಡಿದರು.

"ವಿಷಲ್ ಯಾರು ಊದ್ತಾರೆ?" ಅಂದೆ.

"ನಮ್ಮ ಮನಿಯವ್ರು ಊದ್ತಾರ ಬಿಡ್ರಿ. ಮನ್ಯಾಗಂತೂ ಅವ್ರಿಗಿ ಆ ಭಾಗ್ಯ ಇಲ್ಲ," ಅಂದಳು ಕಲಬುರಗಿಯವಳು.

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಕಂಬದ ಹತ್ತಿರದ ಕೊನೆಯ ಸ್ಟೂಲಿನಲ್ಲಿ ಕೂತು, ನನಗೆ ಯಾರೂ ಖೋ ಕೊಡದಿರಲಿ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಕೂತಲ್ಲೇ ಎದೆ ಡವಗುಟ್ಟುತ್ತಿತ್ತು. ಆಟ ಮುಗಿಯುತ್ತ ಬಂತು. ಎದುರಾಳಿಗಳಲ್ಲಿ ಒಬ್ಬಳೇ ಉಳಿದಳು. ಅವಳನ್ನು ಮುಟ್ಟಿದರೆ ಗೆಲುವು ನಮ್ಮದು. ಅಟ್ಟಿಸಿಕೊಂಡು ಬಂದ ಕಲಬುರಗಿಯವಳು ನನ್ನ ಬೆನ್ನಿಗೆ ತಟ್ಟಿ "ಖೋ!" ಅಂದಳು.

ನಾನು ಏಳಲಿಲ್ಲ. ಸರಿದು ಅರ್ಧ ಸ್ಟೂಲು ಖಾಲಿ ಮಾಡಿಕೊಟ್ಟೆ.

ಟ್ರೇನಿನಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವಳಿಗೆ ಜಾಗ ಕೊಟ್ಟು ಕೊಟ್ಟು ಬಂದ ಚಾಳಿ. ಅಂಗಳವಿಡೀ ನಕ್ಕಿತು. ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಕಾಲು ಕಲ್ಲಾಗಿತ್ತು, ಕಣ್ಣ ಮುಂದೆ ಅಮ್ಮ ಕೂತ ಮೆಟ್ಟಿಲು. ಕಲಬುರಗಿಯವಳೊಬ್ಬಳು ನಗಲಿಲ್ಲ. ನನ್ನ ಹೆಗಲು ಹಿಡಿದು ಜೋರಾಗಿ ಅಲುಗಿಸಿದಳು.

"ಏಳ್ರೀ ಅಕ್ಕಾ, ಠಾಣಾ ಬಂತು!"

ಯೋಚಿಸುವ ಮೊದಲೇ ನನ್ನ ಕಾಲು ಎದ್ದಿತ್ತು. ಓಡಿದೆ. ಕಂಬ ಸುತ್ತಿ, ಸ್ಕೂಟರುಗಳ ಸಾಲಿನವರೆಗೆ ಓಡಿದೆ. ಕೈ ಚಾಚಿದಾಗ ಎದುರಾಳಿಯ ಬೆನ್ನು ಒಂದು ಗೇಣು ದೂರವಿತ್ತು, ಅಷ್ಟರಲ್ಲಿ ವಿಷಲ್ ಆಯಿತು. ಸೋತೆವು.

ಎದೆ ಹಿಡಿದು ನೆಲಕ್ಕೆ ಕೂತೆ. ಯಾರೋ ನೀರು ತಂದರು, ಬೇಡವೆಂದು ಕೈಯಾಡಿಸಿದೆ. ಬಡಿತ ಇನ್ನೇನು ನಿಲ್ಲುತ್ತದೆ ಎಂದು ಕಾದೆ. ನಿಲ್ಲಲಿಲ್ಲ. ನಿಧಾನವಾಯಿತು. ಮತ್ತೂ ನಿಧಾನವಾಗಿ, ಎಂದಿನಂತಾಯಿತು. ನಾನು ಎಲ್ಲರೆದುರು ಚಿಕ್ಕ ಮಗುವಿನ ಹಾಗೆ ಅತ್ತೆ. ಸೋತಿದ್ದಕ್ಕೆ ಅಳುತ್ತಿದ್ದೇನೆ ಅಂದುಕೊಂಡು ಪಕ್ಕದ ಬಿಲ್ಡಿಂಗಿನವರು ಸಮಾಧಾನ ಹೇಳಿದರು.

ಮರುದಿನ ದಿವಾ ದಾಟಿದಾಗ ನನ್ನ ಕಣ್ಣು ತೆರೆದೇ ಇತ್ತು. ಮುಂಬ್ರಾದಲ್ಲಿ ಎದ್ದು ನಿಂತೆ. "ಯಾಕ್ರೀ ಅಕ್ಕಾ, ಆರಾಮಿಲ್ಲೇನು?" ಎಂದು ಕಲಬುರಗಿಯವಳು ಗಾಬರಿಯಾದಳು. ಹೆಗಲು ಒತ್ತಿ ಕೂರಿಸಿದೆ. ಕಳವಾ ಬರುವ ಮೊದಲೇ ಅವಳು ಬಾಯಿ ತೆರೆದು ನಿದ್ದೆ ಹೋಗಿದ್ದಳು. ಠಾಣೆ ಬಂದಾಗ ಅವಳನ್ನು ಎಬ್ಬಿಸಲು ನನಗೆ ಮನಸ್ಸೇ ಬರಲಿಲ್ಲ.